ಗಂಟು ಒಂದೇ, ಹುಳ ಬೇರೆ

ಕುಲ್ಸುಮಬಿ ತನ್ನ ಹೊಲದ ಒಣ ಮೆಣಸಿನ ಗಿಡ ಕಿತ್ತು ಕಿತ್ತು ಕೊಡುತ್ತಿದ್ದಳು, ನಾನು ಕುಡುಗೋಲಿನಿಂದ ಬೇರು ಕತ್ತರಿಸಿ ಬುಟ್ಟಿಗೆ ಹಾಕಿ ಕಟಗಿಯನ್ನು ಬೇರೆ ಒಟ್ಟುತ್ತಿದ್ದೆ. ನಮ್ಮ ಹಲಗೇರಿ ಕಡೆ ಹೀಗೆಯೇ ಮಾಡುತ್ತಾರೆ. ಕಾಯಿ ಬಿಡಿಸಿ ಮುಗಿದ ಮೇಲೆ ಗಿಡದ ಕಟಗಿ ಒಲೆಗೆ ಬರುತ್ತದೆ. ಬೇರಿಗೆ ಮಣ್ಣು ಹಿಡಿದಿರುವುದರಿಂದ ಅದು ಉರಿಯದೆ ಮನೆ ತುಂಬ ಹೊಗೆ ಎಬ್ಬಿಸುತ್ತದೆ. ಅದಕ್ಕೇ ಬೇರನ್ನೆಲ್ಲ ಕತ್ತರಿಸಿ ತಿಪ್ಪೆಗೆ ಹಾಕುತ್ತೇವೆ. ತಿಪ್ಪೆ ಗೊಬ್ಬರವಾಗಿ ಮತ್ತೆ ಅದೇ ಹೊಲಕ್ಕೆ ಹೋಗುತ್ತದೆ. ಒಂದು ಕಡ್ಡಿಯೂ ದಂಡವಾಗಲಿಲ್ಲ ಎಂಬ ಸಮಾಧಾನ ನಮಗೆ.

ಆ ದಿನ ಕುಡುಗೋಲು ಬೇರಿನಲ್ಲಿ ತಡೆದು ತಡೆದು ಹೋಗುತ್ತಿತ್ತು. ಏನೆಂದು ನೋಡಿದರೆ ಬೇರಿನ ತುಂಬ ಗಂಟು. ಕೆಲವು ಸಾಸಿವೆಯಷ್ಟು, ಕೆಲವು ಕಡಲೆಯಷ್ಟು. ವಾತ ಹಿಡಿದ ಬೆರಳಿನ ಗೆಣ್ಣಿನ ಹಾಗೆ ಬೇರು ಅಲ್ಲಲ್ಲಿ ಉಬ್ಬಿತ್ತು. ಆ ವರ್ಷ ಗಿಡಗಳು ಮೊಣಕಾಲು ಮುಟ್ಟಿರಲಿಲ್ಲ. ನೀರು ಬಿಟ್ಟರೂ ಮಧ್ಯಾಹ್ನಕ್ಕೆ ತಲೆ ಬಾಗಿಸಿ ನಿಲ್ಲುತ್ತಿದ್ದವು.

"ಇದs ನೋಡು ಆಯಿ, ನನ್ನ ತವರು ಮುರಿದ ಗಂಟು" ಎಂದಳು ಕುಲ್ಸುಮಬಿ. ಅವಳು ಇಷ್ಟು ಮಾತಾಡಿದ್ದೇ ಹೆಚ್ಚು. ಉಳಿದದ್ದು ನನಗೆ ಗೊತ್ತಿತ್ತು.

ಕುಲ್ಸುಮಬಿ ನಮ್ಮ ಓಣಿಯವಳು. ರಾತ್ರಿ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತು ಅಕ್ಷರ ಕಲಿತವರು ನಾವು. ನನ್ನ ತಲೆ ಪೂರಾ ನರೆತಿತ್ತು, ಅವಳದು ಅರ್ಧ. ತವರು ಎಂದರೆ ಅವಳಿಗೆ ಒಬ್ಬನೇ ತಮ್ಮ, ಮಲ್ಲಿಕಸಾಬ. ಬ್ಯಾಡಗಿ ಹತ್ತಿರ ಅವನ ಹೊಲ. ಅಲ್ಲಿಯೂ ಮೆಣಸಿನ ಬೇರಿಗೆ ಇಂಥದೇ ಗಂಟು ಬಿದ್ದಿತ್ತಂತೆ. ಯಾರೋ ಹೇಳಿದರೆಂದು ಅವನು ಒಂದು ವರ್ಷ ಮೆಣಸಿನಕಾಯಿ ಬಿಟ್ಟು ಶೇಂಗಾ ಹಾಕಿದ. ಮರುವರ್ಷ ಮೆಣಸಿನ ಗಿಡ ಎದೆಮಟ್ಟ ಬೆಳೆದವು. ಆ ಸಂತೋಷದಲ್ಲಿ ತನ್ನ ಹೊಲದ ಶೇಂಗಾ ಬೀಜವನ್ನು ಒಂದು ಚೀಲ ಕಟ್ಟಿ, ಬಸ್ಸಿನ ಮೇಲೆ ಹೇರಿಸಿಕೊಂಡು ಅಕ್ಕನ ಮನೆಗೆ ತಂದುಕೊಟ್ಟ. ನೀನೂ ಒಂದು ವರ್ಷ ಇದನ್ನು ಹಾಕು, ಗಂಟು ತಾನೇ ಹೋಗುತ್ತದೆ ಎಂದ.

ಕುಲ್ಸುಮಬಿಯ ಹೊಲದಲ್ಲಿ ಶೇಂಗಾ ಏಳಲೇ ಇಲ್ಲ. ಎಲೆ ಹಳದಿಯಾಗಿ ನೆಲಕ್ಕೆ ಅಂಟಿಕೊಂಡಿತು. ಕಿತ್ತು ನೋಡಿದರೆ ಬೇರಿಗೂ ಗಂಟು, ಕಾಯಿಯ ಸಿಪ್ಪೆಯ ಮೇಲೂ ನರೂಲಿಯಂತೆ ಗಂಟು. ಅವಳ ಗಂಡ ಗೂಡುಸಾಬ ಕೆಟ್ಟವನಲ್ಲ, ಮಾತು ಮಾತ್ರ ಮುಳ್ಳು. ಕಣದಲ್ಲಿ ನಾಲ್ಕು ಮಂದಿಯ ಮುಂದೆ ಹೇಳಿಬಿಟ್ಟ: "ನಿನ್ನ ತಮ್ಮ ಬೀಜದ ಜೋಡಿ ರೋಗಾನೂ ಚೀಲದಾಗ ಕಟ್ಟಿ ಕೊಟ್ಟಾನ. ಅವನ ಹೊಲದ ಪೀಡಾ ನಮ್ಮ ಹೊಲಕ್ಕ ಸಾಗಿಸ್ಯಾನ."

ಅವಳಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದ ಉತ್ತರವೇ ಮನಸ್ಸಿನಲ್ಲಿ ಕೂತು ಅನುಮಾನವಾಯಿತು. ಶೇಂಗಾ ಹೇಗೆ ಬಂತೆಂದು ತಮ್ಮ ಪತ್ರ ಬರೆದ. ಅವಳು ಬರೆಯಲಿಲ್ಲ. ರಂಜಾನಿಗೆ ಬರುತ್ತೀಯೇನು ಎಂದು ಮತ್ತೆ ಬರೆದ. ಹೋಗಲಿಲ್ಲ. ಅಂಚೆ ಕಚೇರಿಯಿಂದ ತಂದ ಒಂದು ಇನ್‌ಲ್ಯಾಂಡ್ ಕಾಗದ ಅವಳ ಟ್ರಂಕಿನಲ್ಲಿ ಖಾಲಿಯಾಗಿಯೇ ಬಿದ್ದಿತ್ತು. ತಮ್ಮ ಮೋಸ ಮಾಡಿದನೆಂದು ಬರೆಯಲು ಮನಸ್ಸು ಬಾರದು, ಮಾಡಲಿಲ್ಲವೆಂದು ಬರೆಯಲು ಧೈರ್ಯ ಸಾಲದು.

ನಾವು ಬೇರು ಕತ್ತರಿಸಿದ ಅದೇ ವಾರ ರಾಣೆಬೆನ್ನೂರಿನಲ್ಲಿ ರೈತರ ಶಿಬಿರವಿತ್ತು. ಧಾರವಾಡದ ರೇಡಿಯೋದಲ್ಲಿ ಸಾರಿದ್ದರು. ಬೆಳೆಯ ರೋಗ ನೋಡುವವರು ಬರುತ್ತಾರೆ, ಬೇರು ಸಹಿತ ಗಿಡ ತನ್ನಿ ಎಂದು. ನಾನು ಕುಲ್ಸುಮಬಿಯನ್ನು ಹೊರಡಿಸಿದೆ. ಗೂಡುಸಾಬ ನಕ್ಕ. ಗಿಡಕ್ಕೂ ದವಾಖಾನೆ ಬಂತೋ ಎಂದ. ಆದರೂ ಪೇಟೆಯ ಕೆಲಸವಿದೆ ಎಂದು ನೆಪ ಹೇಳಿ ನಮ್ಮ ಹಿಂದೆಯೇ ಬಸ್ಸು ಹತ್ತಿದ. ಕಾಲುವೆಯ ಬದಿಗೆ ಇನ್ನೂ ಹಸಿರಾಗಿದ್ದ ನಾಲ್ಕಾರು ಮೆಣಸಿನ ಗಿಡಗಳನ್ನು ಮಣ್ಣು ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿ ಒಯ್ದಿದ್ದೆವು.

ಶಿಬಿರದಲ್ಲಿ ಸೂಕ್ಷ್ಮದರ್ಶಕ, ನಮ್ಮ ಬಾಯಲ್ಲಿ ದುರ್ಬೀನು, ಮುಂದಿಟ್ಟುಕೊಂಡು ಬೇರಿನ ಮೇಜಿಗೆ ಕುಳಿತವರು ಮಹಮೂದಾಬೇಗಂ ಎಂಬ ಹೆಣ್ಣುಮಗಳು. ಕೃಷಿ ಕಾಲೇಜಿನಲ್ಲಿ ಓದಿ, ಬೇರಿನ ಹುಳಗಳನ್ನೇ ಅಭ್ಯಾಸ ಮಾಡುತ್ತಿದ್ದರು. ಆ ಬೇಸಿಗೆಯಿಡೀ ರಾಣೆಬೆನ್ನೂರಿನಲ್ಲೇ ಒಂದು ಕೋಣೆ ಹಿಡಿದು ಈ ಸುತ್ತಿನ ಹೊಲಗಳ ಬೇರು ತರಿಸಿ ನೋಡುವುದು ಅವರ ಕೆಲಸ. ಮೊದಲು ನಮ್ಮ ಕೈಗೆ ಒಂದು ಶೇಂಗಾ ಗಿಡ ಕೊಟ್ಟರು. ಅದರ ಬೇರಿಗೂ ಸಣ್ಣ ಸಣ್ಣ ಗಂಟು. ಉಗುರಿನಿಂದ ಎಬ್ಬಿಸಿ ಎಂದರು. ಎಬ್ಬಿಸಿದೆ. ಮಣಿ ಬಿಚ್ಚಿ ಬಂದ ಹಾಗೆ ಬಂದುಬಿಟ್ಟಿತು. ಒಡೆದರೆ ಒಳಗೆ ಕೆಂಪು ನೀರು. ಅದು ರೋಗವಲ್ಲ, ಗಾಳಿಯಿಂದ ಸತ್ವ ಹಿಡಿದು ಗಿಡಕ್ಕೆ ಉಣಿಸುವ ಒಳ್ಳೆಯ ಗಂಟು, ಶೇಂಗಾ ತೊಗರಿಗೆಲ್ಲ ಇರುತ್ತದೆ, ಇರಬೇಕು ಎಂದರು. ಆಮೇಲೆ ನಮ್ಮ ಮೆಣಸಿನ ಬೇರು ತೊಳೆದು ಕೊಟ್ಟರು. ಉಗುರಿಗೆ ಗಂಟು ಜಗ್ಗಲಿಲ್ಲ. ಬೇರೇ ಉಬ್ಬಿ ಗಂಟಾಗಿತ್ತು. ಇದು ಒಳಗೆ ಜಂತುಹುಳ ಸೇರಿ ಮಾಡಿದ ಗಂಟು, ಬೇರು ಹೀರಬೇಕಾದ ನೀರು ಗೊಬ್ಬರವೆಲ್ಲ ಇಲ್ಲೇ ತಡೆಯುತ್ತದೆ ಎಂದು ತಿಳಿಸಿದರು.

ಗೂಡುಸಾಬ ಮುಂದೆ ಬಂದ. "ಅಕ್ಕಾರ, ಇಂಥಾ ಗಂಟು ನನ್ನ ಹೆಂಡತಿ ತಮ್ಮನ ಹೊಲದಾಗ ಇತ್ತು. ಅವನ ಬೀಜದ ಚೀಲ ಬಂತು, ನಮ್ಮ ಶೇಂಗಾ ಹಾಳಾತು. ಗಂಟು ಅಂದ್ರ ಗಂಟು. ಇದಕ್ಕ ದುರ್ಬೀನು ಯಾಕ ಬೇಕ್ರಿ?"

ಮಹಮೂದಾಬೇಗಂ ಅವನನ್ನು ಹೀಯಾಳಿಸಲಿಲ್ಲ. "ನಿಮ್ಮ ಅನುಮಾನ ಸುಳ್ಳಂತ ನಾ ಹೇಳಂಗಿಲ್ಲ ಕಾಕಾ. ಶೇಂಗಾ ಸಿಪ್ಪಿಯೊಳಗ ಹುಳ ಸಾಗಿ ಬರೋದು ಉಂಟು. ಆದ್ರ ಗಂಟು ಒಂದೇ ಥರಾ ಕಂಡ್ರ ಒಳಗಿನ ಹುಳಾನೂ ಒಂದs ಅಂತ ತಿಳೀಬ್ಯಾಡ್ರಿ. ಇದರಾಗ ಬ್ಯಾರೆ ಬ್ಯಾರೆ ಜಾತಿ ಅದಾವ. ಅವರ ಚೀಲದಾಗ ಬಂದಿದ್ರ ಅವರ ಹೊಲದಾಗೂ ನಿಮ್ಮ ಹೊಲದಾಗೂ ಒಂದs ಜಾತಿ ಇರಬೇಕಲ್ಲ? ಅವರ ಹೊಲದ ಬೇರು ತಂದು ಕೊಡ್ರಿ. ನೋಡೇ ಬಿಡೋಣು."

ಕುಲ್ಸುಮಬಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಆಸೆಗಿಂತ ಹೆದರಿಕೆಯೇ ಹೆಚ್ಚಿತ್ತು. ಎರಡೂ ಒಂದೇ ಎಂದು ಬಂದರೆ ತವರಿನ ಬಾಗಿಲು ಮುಚ್ಚಿದ ಹಾಗೆಯೇ. ಗೂಡುಸಾಬ ತಾನಂತೂ ಬಾವಮೈದುನನ ಹೊಸ್ತಿಲು ತುಳಿಯುವುದಿಲ್ಲ ಎಂದ. ನಾನು ಹೇಗೂ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವವಳಿದ್ದೆ. ನಾನೇ ತರುತ್ತೇನೆ ಎಂದೆ.

ಬ್ಯಾಡಗಿ ಪೇಟೆಯ ಘಾಟಿನಲ್ಲಿ ಸೀನುತ್ತ ಕೆಲಸ ಮುಗಿಸಿ ಮಲ್ಲಿಕಸಾಬನ ಹೊಲಕ್ಕೆ ಹೋದೆ. ಅವನ ಮೆಣಸು ನೋಡಿದರೆ ಕಣ್ಣು ತುಂಬುವಂತಿತ್ತು. ಆದರೆ ಬಾವಿಯ ಬದಿಗೆ ಒಂದು ಬದನೆ ಮಡಿಯಿತ್ತು. ಅಲ್ಲಿ ಅವನು ಯಾವತ್ತೂ ಶೇಂಗಾ ಹಾಕಿರಲಿಲ್ಲ. ಅಲ್ಲಿ ಒಂದು ಗಿಡ ಕಿತ್ತರೆ ಅದೇ ಗಂಟು. ಆ ಬೇರುಗಳನ್ನೂ ಅಡಿಯ ಮಣ್ಣನ್ನೂ ಕೇಳಿಕೊಂಡೆ. ಯಾಕೆಂದು ಕೇಳಿದಾಗ ಮುಚ್ಚದೆ ಹೇಳಿದೆ. ಅವನು ತಲೆ ತಗ್ಗಿಸಿಕೊಂಡೇ ಚೀಲ ತುಂಬಿಸಿದ. ಚೀಲದ ಬಾಯಿ ಕಟ್ಟುವಾಗ ಕೇಳಿದ: "ಆಯಿ, ಆಪಾ ನನ್ನ ಪತ್ರಾ ಓದಸ್ಕೊಂತಾಳೋ ಇಲ್ಲೋ, ಅದೊಂದು ಹೇಳ್ರಿ."

"ಓದಸ್ಕೊಳ್ಳೂದ್ಯಾಕ, ತಾನs ಓದತಾಳ" ಎಂದೆ.

ಅಕ್ಕ ಅಕ್ಷರ ಕಲಿತದ್ದು ಅವನಿಗೆ ಗೊತ್ತಿರಲಿಲ್ಲ. ಕಟ್ಟಿದ ಚೀಲದ ಬಾಯನ್ನು ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ ಬಸ್ಸಿನ ತನಕ ಚೀಲ ಹೊತ್ತು ತಂದುಕೊಟ್ಟ.

ಮುಂದಿನ ಸಂತೆಯ ದಿನ ನಾವು ಮೂವರೂ ಮಹಮೂದಾಬೇಗಂ ಅವರ ಕೋಣೆಗೆ ಹೋದೆವು. ಕಿಟಕಿಯ ಬಳಿ ಎರಡು ತಟ್ಟೆ ಇಟ್ಟು ಒಂದರಲ್ಲಿ ಹಲಗೇರಿಯ ಬೇರು, ಇನ್ನೊಂದರಲ್ಲಿ ಬ್ಯಾಡಗಿಯ ಬೇರು ಹಾಕಿದ್ದರು. ಬರಿಗಣ್ಣಿಗೆ ಎರಡೂ ಅವಳಿ ಜವಳಿ. ಅವರು ಸೂಜಿಯಿಂದ ಒಂದು ಗಂಟನ್ನು ಸೀಳಿದರು. ಒಳಗಿನಿಂದ ಗಸಗಸೆ ಕಾಳಿಗಿಂತ ಸಣ್ಣದೊಂದು ಬಿಳಿ ಚುಕ್ಕೆ ಬಂತು. ಅದನ್ನು ಗಾಜಿನ ಮೇಲಿಟ್ಟು ದುರ್ಬೀನಿನಲ್ಲಿ ತೋರಿಸಿದಾಗ ಮುತ್ತಿನಂಥ ಗಡಿಗೆಯೊಂದು ಕಂಡಿತು. ಕುತ್ತಿಗೆ ಸಣ್ಣ, ಹೊಟ್ಟೆ ದುಂಡಗೆ. ಅದೇ ಹೆಣ್ಣು ಹುಳವಂತೆ. ಮರಿಯಿದ್ದಾಗ ದಾರದ ಎಳೆಯಂತೆ ಮಣ್ಣಿನಲ್ಲಿ ಹರಿದು ಬಂದು ಬೇರಿನೊಳಗೆ ಹೊಕ್ಕರೆ ಮುಗಿಯಿತು, ಮತ್ತೆ ಜೀವಮಾನವಿಡೀ ಅಲ್ಲಿಂದ ಅಲುಗುವುದಿಲ್ಲ. ಕೂತಲ್ಲೇ ಉಂಡು, ಕೂತಲ್ಲೇ ನೂರಾರು ತತ್ತಿ ಇಡುತ್ತದೆ. ಈ ಜಾತಿಗಳಿಗೆ ಗಂಡಿನ ಹಂಗೂ ಇಲ್ಲ ಎಂದರು ಮಹಮೂದಾಬೇಗಂ.

"ಪುಣ್ಯವಂತರು" ಎಂದಳು ಕುಲ್ಸುಮಬಿ, ಗಂಡನ ಕಡೆ ನೋಡದೆ. ಎಷ್ಟೋ ದಿನಕ್ಕೆ ಅವಳ ಬಾಯಲ್ಲಿ ಅಂಥ ಮಾತು ಕೇಳಿದೆ. ಗೂಡುಸಾಬ ಕೆಮ್ಮಿದ.

ಮುಂದೆ ಅವರು ಮಾಡಿದ್ದು ಬಲು ನಾಜೂಕಿನ ಕೆಲಸ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಆ ಗಡಿಗೆಯ ಹಿಂಭಾಗವನ್ನು ಸಣ್ಣ ಅಲಗಿನಿಂದ ಕೊಯ್ದು, ಒಳಗಿನದನ್ನೆಲ್ಲ ತೊಳೆದು ತೆಗೆದು, ಬರೀ ಚರ್ಮದ ಚೂರನ್ನು ಗಾಜಿಗೆ ಹಚ್ಚಿದರು. ಈಗ ನೋಡಿ ಎಂದರು.

ನೋಡಿದೆ. ಮೊದಲು ಬೆಳಕು ಬಿಟ್ಟು ಏನೂ ಕಾಣಲಿಲ್ಲ. ಅವರು ಒಂದು ತಿರುಪು ತಿರುಗಿಸಿದರು. ಬೆಳಕಿನೊಳಗಿಂದ ಗೆರೆಗಳು ಎದ್ದು ಬಂದವು. ಒಂದರ ಸುತ್ತ ಒಂದು, ಅದರ ಸುತ್ತ ಇನ್ನೊಂದು, ಕೊನೆಯೇ ಇಲ್ಲವೆಂಬಂತೆ ಸುತ್ತಿದ ನೂರಾರು ಗೆರೆ. ಇಂಥ ಗೆರೆಗಳನ್ನು ನಾನು ಎಲ್ಲಿಯೋ ನೋಡಿದ್ದೇನೆ ಅನಿಸಿತು. ದುರ್ಬೀನಿನಿಂದ ಕಣ್ಣು ತೆಗೆದು ನನ್ನ ಹೆಬ್ಬೆಟ್ಟು ನೋಡಿಕೊಂಡೆ. ಮತ್ತೆ ಒಳಗೆ ನೋಡಿದೆ. ಅದೇ ಹೆಬ್ಬೆಟ್ಟಿನ ಗುರುತು. ನೆಲದೊಳಗೆ, ಕತ್ತಲಲ್ಲಿ, ಬೇರಿನ ಹೊಟ್ಟೆಯಲ್ಲಿ ಕೂತ ಹುಳದ ಮೈಮೇಲೆ. ಯಾರಿಗೂ ಕಾಣದ ಜಾಗದಲ್ಲಿ ಇಷ್ಟು ಒಪ್ಪವಾಗಿ ಇದನ್ನು ಬರೆದಿಟ್ಟವರು ಯಾರು? ನಮ್ಮ ಬೆಳೆ ತಿಂದ ವೈರಿಯ ಮೇಲೆ ನನಗೆ ಆ ಗಳಿಗೆಯಲ್ಲಿ ಸಿಟ್ಟು ಬರಲಿಲ್ಲ. ಕೈ ತಾನಾಗಿ ಮುಗಿಯಿತು.

ಈ ಗೆರೆ ಒಂದೊಂದು ಹುಳಕ್ಕಲ್ಲ, ಒಂದೊಂದು ಜಾತಿಗೆ ಒಂದೊಂದು ರೀತಿ ಎಂದು ಮಹಮೂದಾಬೇಗಂ ಬಿಡಿಸಿ ಹೇಳಿದರು. ಒಂದರ ಗೆರೆ ಬಾಗಿಲ ಕಮಾನಿನಂತೆ ಎತ್ತರಕ್ಕೆ ಏರುತ್ತದೆ, ಅದರ ಹೆಸರು ಇನ್ಕಾಗ್ನಿಟಾ. ಇನ್ನೊಂದರ ಕಮಾನು ತಗ್ಗು, ಎರಡು ಬದಿಗೂ ಹೆಗಲು ಇಳಿದಂತೆ ದುಂಡಗೆ ಬಾಗುತ್ತದೆ, ಅದು ಅರೆನೇರಿಯಾ. ಜವಾನಿಕಾ ಎಂಬುದಕ್ಕೆ ಎರಡೂ ಬದಿಗೆ ಬಂಡಿಯ ಜಾಡು ಕೊರೆದಂತೆ ಸೀಳುಗೆರೆ. ಹ್ಯಾಪ್ಲಾ ಎಂಬ ಚಳಿನಾಡಿನ ಹುಳಕ್ಕೆ ಬಾಲದ ಹತ್ತಿರ ಸಣ್ಣ ಚುಕ್ಕೆಗಳು. ಒಂದೇ ಜಾತಿಯೊಳಗೂ ಗೆರೆ ಸ್ವಲ್ಪ ಹೆಚ್ಚುಕಡಿಮೆ ಇರುವುದರಿಂದ ಒಂದು ಹುಳ ನೋಡಿ ತೀರ್ಪು ಕೊಡಬಾರದು, ಬಹಳ ಹುಳ ನೋಡಬೇಕು. ಅವರು ನೋಡಿದ್ದರು ಕೂಡ.

ಆಮೇಲೆ ಕುಲ್ಸುಮಬಿಯನ್ನು ಕೂರಿಸಿದರು. ಯಾವುದು ಯಾರ ಹೊಲದ್ದೆಂದು ಹೇಳದೆ ಒಂದು ಗಾಜು ತೋರಿಸಿದರು, ಅದನ್ನು ತೆಗೆದು ಇನ್ನೊಂದು ಇಟ್ಟರು. ಅವಳು ಎರಡನ್ನೂ ಮತ್ತೆ ಮತ್ತೆ ಬದಲಿಸಿ ತೋರಿಸಿ ಎಂದು ಕೇಳಿದಳು. ಕೊನೆಗೆ ತಲೆ ಎತ್ತಿದಾಗ ಕಣ್ಣಲ್ಲಿ ನೀರಿತ್ತು.

"ಒಂದು ಎತ್ತರ ಕಮಾನು, ಒಂದು ತಗ್ಗು. ಇವೆರಡೂ ಒಂದs ಅಲ್ರಿ."

"ಎತ್ತರದ್ದು ನಿಮ್ಮ ತಮ್ಮನ ಹೊಲದ್ದು" ಎಂದರು ಮಹಮೂದಾಬೇಗಂ. "ತಗ್ಗಿಂದು ನಿಮ್ಮದು."

ಗೂಡುಸಾಬನೂ ನೋಡಿದ. ಬಹಳ ಹೊತ್ತು ನೋಡಿದ. ಆದರೂ ಸುಲಭಕ್ಕೆ ಒಪ್ಪುವವನಲ್ಲ. ಗೆರೆಯಿಂದ ಹೊಟ್ಟೆ ತುಂಬುವುದಿಲ್ಲ, ಗಿಡ ಏನು ಹೇಳುತ್ತದೆ ಅದನ್ನು ತೋರಿಸಿ ಎಂದ. ಸರಿಯಾದ ಮಾತೇ ಆಡಿದಿರಿ, ನಾನೂ ಗೆರೆಯೊಂದನ್ನೇ ನಂಬಿ ಕೂರುವುದಿಲ್ಲ ಎಂದರು ಅವರು. ಎರಡೂ ಹೊಲದ ಮಣ್ಣನ್ನು ಬೇರೆ ಬೇರೆ ಕುಂಡಗಳಿಗೆ ತುಂಬಿ, ಎರಡರಲ್ಲೂ ಮೆಣಸು, ಶೇಂಗಾ, ಹತ್ತಿ ಹಚ್ಚುವುದಾಗಿ ಹೇಳಿದರು. ಯಾವ ಹುಳ ಯಾವ ಬೇರು ತಿನ್ನುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಎಂಬುದೂ ಜಾತಿಯ ಗುರುತೇ. ಮುಂಗಾರಿಗೆ ಮೊದಲು ಬನ್ನಿ ಎಂದರು.

ಆ ಬೇಸಿಗೆ ಗೂಡುಸಾಬ ಹೊಲ ಆಳವಾಗಿ ಉತ್ತು ಬಿಸಿಲಿಗೆ ಬಿಟ್ಟ. ಮಹಮೂದಾಬೇಗಂ ಹೇಳಿದ್ದರೆಂದು ಅಲ್ಲ, ಸುಮ್ಮನೆ ಕೂರಲಾರದೆ ಎಂದು ಅವನೇ ಹೇಳಿಕೊಂಡ. ಮಣ್ಣು ಹೊರಳಿ ಕಾದರೆ ಹುಳದ ಮರಿ ತತ್ತಿ ಸುಟ್ಟುಹೋಗುತ್ತವೆ ಎಂಬ ಮಾತು ಕಿವಿಗೆ ಬಿದ್ದಿದ್ದಂತೂ ನಿಜ.

ಮೊದಲ ಮೋಡ ಕಾಣುವ ಹೊತ್ತಿಗೆ ಹೋದೆವು. ಕುಂಡಗಳನ್ನು ಒಂದೊಂದಾಗಿ ಬೋರಲು ಹಾಕಿ, ಬೇರನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆದರು. ಬ್ಯಾಡಗಿ ಮಣ್ಣಿನಲ್ಲಿ ಮೆಣಸಿನ ಬೇರು ಗಂಟುಗಂಟು. ಶೇಂಗಾ ಬೇರು ಚೊಕ್ಕ, ಉಗುರಿಗೆ ಬಿಚ್ಚಿ ಬರುವ ಒಳ್ಳೆಯ ಗಂಟು ಮಾತ್ರ. ಹತ್ತಿಯೂ ಚೊಕ್ಕ. ಹಲಗೇರಿ ಮಣ್ಣಿನಲ್ಲಿ ಮೆಣಸಿಗೂ ಗಂಟು, ಶೇಂಗಾಕ್ಕೂ ಗಂಟು. ಹತ್ತಿಯ ಬೇರು ಮಾತ್ರ ಬಿಳಿ ದಾರದ ಹಾಗೆ ನೀಟಾಗಿ ಇಳಿದಿತ್ತು.

ಗೂಡುಸಾಬ ಆ ಶೇಂಗಾ ಬೇರು ಹಿಡಿದು ಉಗುರಿನಿಂದ ಕೆರೆದ. ಗಂಟು ಬರಲಿಲ್ಲ. ಇನ್ನೊಂದನ್ನು ಕೆರೆದ. ಅದೂ ಬರಲಿಲ್ಲ.

"ಅಂದ್ರ ಈ ಹುಳ ಅವನ ಹೊಲದಾಗ ಇಲ್ಲs ಇಲ್ಲ" ಎಂದ ನಿಧಾನವಾಗಿ. "ಅವಗ ಶೇಂಗಾ ಔಷಧ ಆತು. ನಮಗ ಅದs ಶೇಂಗಾ ಹುಳಕ್ಕ ಊಟಾ ಆತು. ಮತ್ತ ನಮ್ಮಲ್ಲಿ ಎಲ್ಲಿಂದ ಬಂತ್ರಿ ಇದು?"

ಅದನ್ನು ಖಚಿತ ಹೇಳಲಾಗದು ಎಂದರು ಮಹಮೂದಾಬೇಗಂ. ಸಸಿಯ ಬೇರಿಗೆ ಅಂಟಿ ಬಂದಿರಬಹುದು, ಮೇಲಿನ ಹೊಲದ ನೀರಿನಲ್ಲಿ ಹರಿದು ಬಂದಿರಬಹುದು. ನಿಮ್ಮ ಬೇರು ಕತ್ತರಿಸಿ ಎಲ್ಲಿ ಹಾಕುತ್ತೀರಿ ಎಂದು ಕೇಳಿದರು. ತಿಪ್ಪೆಗೆ ಎಂದೆವು. ತಿಪ್ಪೆ ಎಲ್ಲಿಗೆ ಹೋಗುತ್ತದೆ ಎಂದು ಮತ್ತೆ ಕೇಳಿದರು. ನಾವೇ ಅರ್ಥ ಮಾಡಿಕೊಂಡೆವು. ಒಂದು ಹುಳವೂ ದಂಡವಾಗದ ಹಾಗೆ ವರ್ಷವರ್ಷವೂ ಹೊಲಕ್ಕೆ ಮರಳಿಸಿದ್ದೆವು.

ಆಗ ಕುಲ್ಸುಮಬಿ ಗಂಡನ ಕಡೆ ತಿರುಗಿದಳು. ಕಣದಲ್ಲಿ ಸಿಗದಿದ್ದ ಉತ್ತರ ಈಗ ಸಿಕ್ಕಿತ್ತು. "ಚೀಲಾ ಬರೂಕಿಂತ ಮೊದಲs ನಮ್ಮ ಮೆಣಸಿಗೆ ಗಂಟು ಇತ್ತಲ್ಲ. ಗಂಟು ಐತಿ ಅಂತs ಅವ ಬೀಜಾ ತಂದಾನ. ಇದು ನಿಮಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ ನೋಡ್ರಿ."

ಗೂಡುಸಾಬ ಬೇರನ್ನು ಬಕೆಟ್ಟಿಗೆ ಹಾಕಿ ಕೈ ತೊಳೆದುಕೊಂಡ. "ನಾ ಆಡಿದ್ದು ಖರೇನs ತಪ್ಪು. ಯಾರರೆ ಬರಿಯೋರ ಕಡೆಯಿಂದ ಅವಗೊಂದು ಪತ್ರಾ ಬರಿಸ್ತೇನಿ" ಎಂದ.

"ಬ್ಯಾರೆಯವರು ಯಾಕ?" ಎಂದಳು ಕುಲ್ಸುಮಬಿ. "ನನಗ ಬರಿಯಾಕ ಬರ್ತೈತಿ."

ಆ ಮುಂಗಾರಿಗೆ ಅವರು ಹತ್ತಿ ಬಿತ್ತಿದರು. ಮುಂದಿನ ಮೆಣಸಿಗೆಂದು ಸಸಿ ಮಡಿಯನ್ನು ಹಳೆಯ ಜಾಗ ಬಿಟ್ಟು ಹೊಸ ಮಣ್ಣಿನಲ್ಲಿ ಮಾಡಿ, ಬೇವಿನ ಹಿಂಡಿ ಬೆರೆಸಿ, ಸುತ್ತ ಚೆಂಡು ಹೂವಿನ ಸಾಲು ಹಚ್ಚಿದರು. ಬೇರುಗಳನ್ನು ಈಗ ನಮ್ಮ ಓಣಿಯಲ್ಲಿ ಯಾರೂ ತಿಪ್ಪೆಗೆ ಹಾಕುವುದಿಲ್ಲ. ಹೊಲದಲ್ಲೇ ಒಣಗಿಸಿ ಅಲ್ಲೇ ಸುಡುತ್ತೇವೆ.

ಇದನ್ನು ಓದುವ, ಸಂಘದಲ್ಲಿ ಕುಳಿತು ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕುಲ್ಸುಮಬಿ ಹತ್ತಿ ಹಾಕಿದಳೆಂದು ನೀವೂ ಹತ್ತಿ ಹಾಕಬೇಡಿ. ಮಲ್ಲಿಕಸಾಬ ಶೇಂಗಾ ಹಾಕಿದನೆಂದು ಶೇಂಗಾ ಹಾಕಬೇಡಿ. ಹತ್ತಿಯನ್ನು ತಿನ್ನುವ ಬೇರುಗಂಟಿನ ಹುಳವೂ ಉಂಟಂತೆ. ನಿಮ್ಮ ಹೊಲದ ಗಿಡ ಸೊರಗಿದರೆ ಮೊದಲು ಒಂದನ್ನು ಮೆಲ್ಲಗೆ ಅಗೆದು ಬೇರು ತೊಳೆದು ನೋಡಿ. ಗಂಟು ಉಗುರಿಗೆ ಬಿಚ್ಚಿ ಬಂದರೆ ಹೆದರಬೇಡಿ. ಬಾರದಿದ್ದರೆ ಹೊಲದ ನಾಲ್ಕು ಕಡೆಯ ಹಸಿ ಬೇರನ್ನು ಬುಡದ ಮಣ್ಣಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಿಸಿಲು ತಾಗದಂತೆ, ಒಣಗದಂತೆ, ತಿಳಿದವರಲ್ಲಿಗೆ ಲಗೂನೆ ಒಯ್ಯಿರಿ. ಯಾವ ಹುಳ ಎಂದು ಕೇಳಿ ತಿಳಿಯಿರಿ, ಆಮೇಲೆ ಯಾವ ಬೆಳೆ ಎಂದು ನಿರ್ಧರಿಸಿ. ಅಲ್ಲಿಯತನಕ ಬೀಜ ಕೊಟ್ಟವರನ್ನು, ಸಸಿ ಕೊಟ್ಟವರನ್ನು ದೂರಬೇಡಿ. ದುರ್ಬೀನಿನಲ್ಲಿ ಒಮ್ಮೆ ಕಣ್ಣಿಟ್ಟು ನೋಡಿ. ನಾವು ದಿನಾ ತುಳಿದು ಓಡಾಡುವ ಮಣ್ಣಿನೊಳಗೆ ಏನೇನು ಬರೆದಿದೆ ಎಂದು ಕಂಡ ಮೇಲೆ, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲು ಬಾಯಿ ಬರುವುದಿಲ್ಲ.

ಆ ಸಲ ಕುಂಡ ನೋಡಿ ರಾಣೆಬೆನ್ನೂರಿನಿಂದ ಬಂದ ಮಾರನೆಯ ದಿನ ಮಳೆ ಹಿಡಿಯಿತು. ಕುಲ್ಸುಮಬಿ ಟ್ರಂಕಿನ ಕಾಗದ ತೆಗೆದು ನಮ್ಮ ಪಡಸಾಲೆಯಲ್ಲಿ ಕುಳಿತು ಬರೆದಳು. ಒತ್ತಕ್ಷರ ಬಂದಲ್ಲೆಲ್ಲ ನಿಂತು ನಿಂತು ಬರೆದಳು. ನಾನು ಕೇಳಲಿಲ್ಲ, ಅವಳೇ ಓದಿ ಹೇಳಿದಳು. ನಿನ್ನ ಬೀಜ ಚಲೋ ಇತ್ತು, ನನ್ನ ಹೊಲದ ಹುಳ ಬೇರೆ ಇತ್ತು, ಬದನೆಯ ಮಡಿಗೂ ಒಂದು ವರ್ಷ ಶೇಂಗಾ ಹಾಕು, ನಾನು ಬಂದು ನೋಡುತ್ತೇನೆ ಎಂದಿತ್ತು. ಗೂಡುಸಾಬ ಬಾಗಿಲಲ್ಲಿ ನಿಂತು ತನ್ನ ಸಲಾಮೂ ಬರಿ ಎಂದ. ಜಾಗವಿರಲಿಲ್ಲ. ಮಡಿಚುವ ಅಂಚಿನಲ್ಲಿ ಸಣ್ಣದಾಗಿ ಸೇರಿಸಿದಳು.

ಮಳೆ ಸ್ವಲ್ಪ ಬಿಟ್ಟಾಗ ಅಂಚೆ ಕಚೇರಿಗೆ ಹೋದೆವು. ಕಾಗದ ನೆನೆಯಬಾರದೆಂದು ಅವಳು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಕೆಂಪು ಡಬ್ಬಿಯ ಬಾಯಿಗೆ ಪತ್ರವನ್ನಿಟ್ಟು, ತಾನು ಬರೆದ ತಮ್ಮನ ಹೆಸರನ್ನು ಒಮ್ಮೆ ಓದಿಕೊಂಡಳು. ಆಮೇಲೆ ಪತ್ರವನ್ನು ಒಳಗೆ ಬಿಟ್ಟಳು.